ಫಕ್ಕೀರವ್ವನ ಮೂರನೆಯ ಸೊನ್ನೆ

ಎರಡನೆಯ ಸಲವೂ ಸೊನ್ನೆಯೇ ಬಂತು.

ನೋವು ಮಾಪನ ಕೇಂದ್ರದ ಕಿಟಕಿಯಿಂದ ಹೊರಬಂದ ಚೀಟಿಯನ್ನು ಫಕ್ಕೀರವ್ವ ಮೊದಲು ಹತ್ತಿರ ಹಿಡಿದು ನೋಡಿದಳು, ಆಮೇಲೆ ಬೆಳಕಿಗೆ ಹಿಡಿದು ನೋಡಿದಳು. ಹೇಗೆ ನೋಡಿದರೂ ಅದು ಸೊನ್ನೆಯೇ. ಕೆಳಗೆ ಸಣ್ಣ ಅಕ್ಷರದಲ್ಲಿ ‘ಚುಚ್ಚುಮದ್ದಿಗೆ ಅರ್ಹರಲ್ಲ. ಇನ್ನೊಂದು ಅವಕಾಶ ಬಾಕಿ ಇದೆ’ ಎಂದಿತ್ತು. ಒಂಬತ್ತು ವರ್ಷದಿಂದ ಸೊಂಟ ಹಿಡಿದುಕೊಂಡೇ ಏಳುವ, ಸೊಂಟ ಹಿಡಿದುಕೊಂಡೇ ಮಲಗುವ ಹೆಂಗಸಿಗೆ ಸರಕಾರ ಕೊಟ್ಟ ಉತ್ತರ ಅದು. ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ತುರುಕಿಕೊಂಡು, ಕಿಟಕಿಯವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ "ನಿಮ್ಮ ಮಷೀನ್ ಹಾಳಾಗಿ ಹೋಗ್ಲಿ" ಎಂದು ಹೊರಟಳು.

ನೋವು ಅಳೆಯುವ ಟೋಪಿ ಬಂದು ಆಗಲೇ ಏಳು ವರ್ಷವಾಗಿತ್ತು. ನೋವಾದಾಗ ಮಿದುಳಿನಲ್ಲಿ ಎಲ್ಲೆಲ್ಲಿ ಏನೇನು ಮಿಡುಕುತ್ತದೆ ಎಂಬುದನ್ನು ಹಿಡಿದು ಅದು ಸೊನ್ನೆಯಿಂದ ನೂರರವರೆಗೆ ಒಂದು ಅಂಕಿ ಕೊಡುತ್ತಿತ್ತು. ಒಬ್ಬರ ಮಿದುಳು ಇನ್ನೊಬ್ಬರದರಂತೆ ಇರುವುದಿಲ್ಲವಾದ್ದರಿಂದ ಪ್ರತಿಯೊಬ್ಬರಿಗೂ ಮೊದಲು ಅವರವರ ಸೊನ್ನೆ ಹಾಕಿಕೊಳ್ಳಬೇಕಿತ್ತು. ಟೋಪಿ ತೊಡಿಸಿ ಮಂಚದ ಮೇಲೆ ಐದು ನಿಮಿಷ ಸುಮ್ಮನೆ ಮಲಗಿಸುತ್ತಿದ್ದರು. ಆಗಿನ ಸ್ಥಿತಿಯೇ ಆ ಮನುಷ್ಯನ ಸೊನ್ನೆ. ಆಮೇಲೆ ವೈದ್ಯರು ಬಂದು ಒತ್ತಿ, ಬಗ್ಗಿಸಿ, ತಿರುಗಿಸಿ ನೋಡುತ್ತಿದ್ದರು. ಸೊನ್ನೆಯಿಂದ ಎಷ್ಟು ಮೇಲೇರಿತೋ ಅದೇ ನೋವು. ನಲವತ್ತು ದಾಟಿದರೆ ಚಿಕಿತ್ಸೆ, ದಾಟದಿದ್ದರೆ ಮನೆ.

ಒಳ್ಳೆಯದಕ್ಕೇ ಮಾಡಿದ್ದರು ಎನ್ನಬೇಕು. ಅದಕ್ಕೂ ಮೊದಲು ಸಿಕ್ಕ ಸಿಕ್ಕ ಮಾತ್ರೆ ನುಂಗಿ ಎಷ್ಟೋ ಜನ ಮೂತ್ರಪಿಂಡ ಕೆಡಿಸಿಕೊಂಡಿದ್ದರು. ದೊಡ್ಡವರ ತಲೆನೋವಿಗೆ ಇದ್ದ ಮರ್ಯಾದೆ ಹಮಾಲರ ಬೆನ್ನುಮೂಳೆಗೆ ಇರಲಿಲ್ಲ. ಯಂತ್ರ ಯಾರ ಮುಖವನ್ನೂ ನೋಡುವುದಿಲ್ಲ ಎಂದು ಜನ ಖುಷಿಪಟ್ಟರು. ಬರಬರುತ್ತ ಅಂಕಿ ಆಸ್ಪತ್ರೆ ಬಿಟ್ಟು ಬೀದಿಗೆ ಬಂತು. ಬಸ್ಸಿನಲ್ಲಿ ಸೀಟು ಬೇಕೆಂದರೆ ಅಂಕಿ ತೋರಿಸು, ಕೆಲಸಕ್ಕೆ ರಜೆ ಬೇಕೆಂದರೆ ಅಂಕಿ ತೋರಿಸು. ಮದುವೆ ಮನೆಯಲ್ಲಿ ಪಂಕ್ತಿ ಬಿಟ್ಟು ಕುರ್ಚಿ ಕೇಳಿದರೂ "ಎಷ್ಟೈತಿ ನಿಂದು?" ಎನ್ನುವವರು ಹುಟ್ಟಿಕೊಂಡರು. ಮೂರು ಸಲ ಸೊನ್ನೆ ಬಂದವರ ಕಡತ ಮುಚ್ಚಿ ಅದರ ಮೇಲೆ ‘ಕಲ್ಪಿತ ನೋವು’ ಎಂದು ಮುದ್ರೆ ಒತ್ತುತ್ತಿದ್ದರು. ಒಮ್ಮೆ ಮುಚ್ಚಿದ ಕಡತವನ್ನು ಮತ್ತೆ ತೆರೆಯುವ ರೂಢಿ ಇರಲಿಲ್ಲ.

ಫಕ್ಕೀರವ್ವನ ಕಾಯಿಲೆಗೆ ಹೆಸರೇನೂ ದೊಡ್ಡದಲ್ಲ. ಮೂಳೆಗೂ ಮೂಳೆಗೂ ಬಿಗಿದಿರುವ ಹುರಿಗಳು, ಡಾಕ್ಟರರು ಅಸ್ಥಿರಜ್ಜು ಎನ್ನುತ್ತಾರಲ್ಲ, ಅವು ಅವಳಿಗೆ ಹುಟ್ಟಿನಿಂದಲೇ ಸಡಿಲ. ಚಿಕ್ಕವಳಿದ್ದಾಗ ಹೆಬ್ಬೆರಳನ್ನು ಬಗ್ಗಿಸಿ ಮುಂಗೈಗೆ ಮುಟ್ಟಿಸಿ ಗೆಳತಿಯರನ್ನು ಹೆದರಿಸುತ್ತಿದ್ದಳು. ಎರಡನೆಯ ಹೆರಿಗೆಯಾದ ಮೇಲೆ ಸೊಂಟದ ಹಿಂಬದಿಯ ಹುರಿಗಳು ಪೂರಾ ಜೋತುಬಿದ್ದವು. ನಿಂತರೂ ಕೂತರೂ ಅಲ್ಲಿನ ಕೀಲು ಕೂದಲೆಳೆಯಷ್ಟು ಸರಿಯುತ್ತಿತ್ತು. ಆ ಕೂದಲೆಳೆಯಷ್ಟು ಸರಿತ ಎಕ್ಸ್-ರೇಯಲ್ಲಿ ಕಾಣುವುದಿಲ್ಲ, ಅನುಭವಿಸುವವರಿಗೆ ಮಾತ್ರ ಜೀವ ಹೋಗುತ್ತದೆ. ಸಡಿಲಾದ ಹುರಿ ಮೂಳೆಗೆ ಅಂಟಿರುವ ಜಾಗಕ್ಕೇ ಸೂಜಿ ಇಳಿಸಿ, ಮಂದವಾದ ಸಕ್ಕರೆ ದ್ರಾವಣವನ್ನೂ ಅದರ ಜೊತೆಗೊಂದು ಪ್ರೋಟೀನನ್ನೂ ಬಿಡುವ ಚಿಕಿತ್ಸೆ ಬಂದಿತ್ತು. ಅಲ್ಲಿ ಹೊಸ ಗಾಯವಾಗಿದೆ ಎಂದು ದೇಹ ಮೋಸಹೋಗಿ ರಿಪೇರಿಗೆ ಓಡಿಬರುತ್ತದೆ, ಕೆಲವು ವಾರಗಳಲ್ಲಿ ಹುರಿ ದಪ್ಪಗಾಗಿ ಬಿಗಿಯುತ್ತದೆ. ಜನ ಅದನ್ನು ಬಿಗಿಮದ್ದು ಎಂದು ಕರೆಯುತ್ತಿದ್ದರು. ಫಕ್ಕೀರವ್ವನಿಗೆ ಬೇಕಾಗಿದ್ದದ್ದು ಆ ಬಿಗಿಮದ್ದು ಒಂದೇ, ಮತ್ತು ಅದಕ್ಕೆ ಅವಳ ಬಳಿ ಉಳಿದದ್ದು ಒಂದೇ ಅವಕಾಶ.

ಮನೆಗೆ ಬಂದಾಗ ಗಂಡ ಮೌನೇಶ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಟೆಂಪೋ ಓಡಿಸುವ ಮನುಷ್ಯ, ಒಳ್ಳೆಯವನೇ. ಹೋದ ತಿಂಗಳು ಗ್ಯಾಸ್ ಸಿಲಿಂಡರ್ ಇಳಿಸುವಾಗ ಅವನ ಕಾಲ್ಬೆರಳು ಜಜ್ಜಿಹೋಗಿತ್ತು. ಅದೇ ಕೇಂದ್ರಕ್ಕೆ ಹೋಗಿದ್ದ, ಐವತ್ತೆರಡು ಬಂದಿತ್ತು! ಬೆರಳು ವಾಸಿಯಾಗಿ ಎರಡು ವಾರವಾದರೂ ಆ ಚೀಟಿಯನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಬಸ್ಸಿನಲ್ಲಿ ಒಮ್ಮೆ ಬಸುರಿ ಹೆಂಗಸನ್ನು ಎಬ್ಬಿಸಿ ಕೂರಲು ಹೋಗಿ ಬೈಸಿಕೊಂಡೂ ಬಂದಿದ್ದ.

"ಏನಾತು?" ಎಂದ.

"ಸೊನ್ನೆ."

ಮೌನೇಶ ಸ್ವಲ್ಪ ಹೊತ್ತು ತನ್ನ ಬೆರಳು ನೋಡಿಕೊಂಡ. "ನೋಡು, ಸಿಟ್ಟಾಗಬ್ಯಾಡ. ಮಷೀನಿಗೆ ನಿನ್ನ ಮ್ಯಾಲ ಏನ್ ಹಗಿ ಐತಿ? ನಂದೂ ಅದ ಮಷೀನ ಹೇಳಿದ್ದು. ಎಲ್ಲೋ ಮನಸಿಗೆ ಹತ್ತಿದ್ದು ಏನರ..."

"ಮನಸಿಗೆ ಹತ್ತಿದ್ದ?" ಫಕ್ಕೀರವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಒಂಬತ್ತು ವರ್ಷ ನಿನ್ನ ಮಗ್ಗಲದಾಗ ಮಲಗೇನಿ. ಹೊರಳಾಡೂದು ನೋಡೀದಿ. ಈಗ ಮನಸಿಗೆ ಹತ್ತಿದ್ದ?"

"ಹಂಗಲ್ಲಬೇ..."

"ಹಂಗ ಐತಿ. ನಿನ್ನ ಬಟ್ಟು ಐವತ್ತೆರಡು, ನನ್ನ ಸೊಂಟ ಸೊನ್ನೆ. ಕೂಡ್ರು, ಚಾ ಮಾಡ್ತೀನಿ. ಐವತ್ತೆರಡಿನವರು ಎದ್ದರ ಏನರ ಆದೀತು."

ಮೌನೇಶ ಪಕ್ಕನೆ ಎದ್ದು ತಾನೇ ಚಹಾ ಮಾಡಿದ. ಆದರೆ ಅವನ ಕಣ್ಣಲ್ಲಿದ್ದ ಅನುಮಾನ ಹೋಗಿರಲಿಲ್ಲ, ಅದು ಫಕ್ಕೀರವ್ವನಿಗೆ ಸೊಂಟಕ್ಕಿಂತ ಹೆಚ್ಚು ನೋಯಿಸಿತು. ಅಷ್ಟೇ ಅಲ್ಲ, ತನಗೇ ಒಂದು ಗಳಿಗೆ ಅನುಮಾನ ಬಂತು. ನಿಜಕ್ಕೂ ನೋವೇ ಇಲ್ಲವೇನೋ, ಎಲ್ಲರಿಗೂ ಹೀಗೇ ಇರುತ್ತದೇನೋ, ಉಳಿದವರು ಬಾಯಿ ಮುಚ್ಚಿಕೊಂಡಿರುತ್ತಾರೇನೋ! ಹೀಗೆ ಯೋಚಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಫಕ್ಕೀರವ್ವನ ಕೆಲಸ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೂಗುವುದು. ಹದಿನಾರು ವರ್ಷದಿಂದ ಅವಳು ತೂಕದ ಕಾಂಟಾದ ಹಿಂದೆ ನಿಂತಿದ್ದಳು. ದೂರದ ರೈತರು ಕೂಡ "ಫಕ್ಕೀರವ್ವನ ಕಾಂಟಾಕ್ಕ ಹಾಕ್ರಿ" ಎಂದು ಹಟ ಹಿಡಿಯುತ್ತಿದ್ದರು. ಕಾರಣ ಇಷ್ಟೇ: ಖಾಲಿ ಚೀಲವನ್ನು ಅವಳು ಅಂದಾಜಿಗೆ ಬಿಡುತ್ತಿರಲಿಲ್ಲ. ಮಂಜು ಬಿದ್ದ ದಿನ ಗೋಣಿಚೀಲ ಒಂದು ತೂಗಿದರೆ ಒಣಗಿದ ದಿನ ಇನ್ನೊಂದು ತೂಗುತ್ತದೆ. ದಿನವೂ ಬೆಳಿಗ್ಗೆ ಹತ್ತು ಖಾಲಿ ಚೀಲ ತೂಗಿಯೇ ಅವಳು ಕೆಲಸ ಶುರು ಮಾಡುತ್ತಿದ್ದಳು. ಕಾಂಟಾದ ಪರಡಿ, ಅಂದರೆ ತೂಗುವ ತಟ್ಟೆಯ ಮೇಲೆ ಒಂದು ಮೆಣಸಿನಕಾಯಿ ಬಿದ್ದಿದ್ದರೂ ಅದನ್ನು ತೆಗೆದು, ಸೆರಗಿನಿಂದ ಒರೆಸಿ, ಆಮೇಲೆಯೇ ಸೊನ್ನೆಯ ಗುಂಡಿ ಒತ್ತುತ್ತಿದ್ದಳು.

ಎರಡನೆಯ ಸೊನ್ನೆ ಬಂದು ಒಂದು ವಾರವಾಗಿತ್ತು. ಹೊಸದಾಗಿ ತೂಕಕ್ಕೆ ಸೇರಿದ್ದ ಚಮನಸಾಬ ಪಕ್ಕದ ಕಾಂಟಾ ನೋಡಿಕೊಳ್ಳುತ್ತಿದ್ದ. ಅವನ ಎದುರು ನಿಂತಿದ್ದ ರೈತ ಬಾಯಿ ಮಾಡುತ್ತಿದ್ದ. ಪರಡಿಯ ಮೇಲೆ ಮೊದಲೇ ಒಂದು ತುಂಬಿದ ಚೀಲ ಇತ್ತು. ಚಮನಸಾಬ ಅದನ್ನು ಲೆಕ್ಕಿಸದೆ ಸೊನ್ನೆ ಒತ್ತಿಬಿಟ್ಟಿದ್ದ.

"ಏ ಚಮನಸಾಬಣ್ಣ, ಚೀಲ ಮ್ಯಾಲಿಟ್ಟ ಸೊನ್ನೆ ಹಾಕಿದ್ಯಲ್ಲೋ ಪುಣ್ಯಾತ್ಮಾ! ಆ ಚೀಲ ಎಲ್ಲಿ ಹೋತು ಈಗ? ಅದು ತೂಕನ ಅಲ್ಲ?" ಎಂದು ಫಕ್ಕೀರವ್ವ ಕೂಗಿದಳು.

"ತಪ್ಪಾತಕ್ಕಾ" ಎಂದು ಅವನು ಗಡಬಡಿಸಿ ಆ ಚೀಲವನ್ನು ಕೆಳಗಿಳಿಸಿದ. ಕಾಂಟಾದ ಕೆಂಪು ಅಂಕಿ ಸೊನ್ನೆಗಿಂತ ಕೆಳಗಿಳಿದು ಮೈನಸ್ ನಲವತ್ತೊಂದು ತೋರಿಸಿತು.

ಫಕ್ಕೀರವ್ವ ಆ ಅಂಕಿಯನ್ನೇ ನೋಡುತ್ತ ನಿಂತಳು. ಕೇಂದ್ರದಲ್ಲಿ ಆದದ್ದು ಒಂದೊಂದಾಗಿ ನೆನಪಾಯಿತು. ಬೆಳಿಗ್ಗೆ ಬಸ್ಸಿನಲ್ಲಿ ಎರಡು ತಾಸು ಕುಲುಕಿಸಿಕೊಂಡು, ಬಗ್ಗಿದ ಬೆನ್ನಿನಲ್ಲೇ ಒಳಗೆ ಹೋಗಿದ್ದಳು. ನರ್ಸ್ ಸುಮಂಗಲಾ ಕರುಳು ಚುರುಕ್ಕೆಂದು "ಪಾಪ, ಮೊದಲ ನೀವ ಮಲಗ್ರಿ ಅಕ್ಕಾರ" ಎಂದು ಸರದಿ ಬಿಡಿಸಿ ಮಂಚಕ್ಕೆ ಕರೆದೊಯ್ದಿದ್ದಳು. ಟೋಪಿ ತೊಡಿಸಿದ್ದಳು. ಬೆನ್ನು ಬೆಂಕಿಯಾಗಿ ಉರಿಯುತ್ತಿದ್ದಾಗಲೇ ಐದು ನಿಮಿಷ ಮುಗಿದಿತ್ತು, ಸೊನ್ನೆ ಬಿದ್ದಿತ್ತು. ವೈದ್ಯರು ಬಂದದ್ದು ಅರ್ಧ ತಾಸಿನ ಮೇಲೆ. ಅಷ್ಟರಲ್ಲಿ ಮಲಗಿ ಮಲಗಿ ನೋವು ಇಳಿದಿತ್ತು. ಒತ್ತಿದಾಗ ಎಷ್ಟೇ ಏರಿದರೂ ಅದು ಬಸ್ಸಿಳಿದಾಗಿನ ನೋವನ್ನು ದಾಟಿರಲಿಲ್ಲ.

"ನನ್ನ ನೋವು ಮ್ಯಾಲಿಟ್ಟ ಸೊನ್ನೆ ಹಾಕ್ಯಾರ!" ಎಂದು ಅವಳು ಮೆಣಸಿನಕಾಯಿಯ ರಾಶಿಗೆ ಹೇಳಿದಳು. ಚಮನಸಾಬ ತನಗೇ ಬೈದಳೆಂದು ತಿಳಿದು ಮತ್ತೊಮ್ಮೆ ತಪ್ಪಾಯಿತೆಂದ.

ಮೂರನೆಯ ಅಳತೆಯ ದಿನ ಮೌನೇಶನೂ ಜೊತೆಗೆ ಬಂದ. ಕೇಂದ್ರದ ಪಡಸಾಲೆಯಲ್ಲಿ ಮೂವತ್ತು ಮೂವತ್ತೈದು ಜನ ಕಾಯುತ್ತಿದ್ದರು, ಹೆಚ್ಚಿನವರು ಹೆಂಗಸರು. ಗೋಡೆಯ ಮೇಲೆ ದೊಡ್ಡ ಬೋರ್ಡು. ಒಳಗೆ ಯಾರ ತಲೆಯ ಮೇಲೆ ಟೋಪಿ ಇದೆಯೋ ಅವರ ಅಂಕಿ ಅದರಲ್ಲಿ ಬರುತ್ತಿತ್ತು. ಎಲ್ಲವೂ ಬಹಿರಂಗವಾಗಿ ನಡೆಯಲಿ ಎಂದು ಹಾಗೆ ಮಾಡಿದ್ದರು.

ಸುಮಂಗಲಾ ಓಡಿಬಂದಳು. "ಬರ್ರಿ ಅಕ್ಕಾರ, ಮುಖಾ ನೋಡಿದ್ರ ಗೊತ್ತಾಗ್ತೈತಿ. ಮೊದಲ ನೀವ ಮಲಗ್ರಿ."

"ಮಲಗಂಗಿಲ್ಲ ತಂಗಿ."

"ಯಾಕ್ರಿ?"

"ನಿನ್ನ ಕನಿಕರನ ನನಗ ಮುಳುವಾಗೇತಿ. ಯಾರಿಗೆ ಭಾಳ ನೋವೈತೋ ಅವರನ್ನ ಮೊದಲ ಮಲಗಸ್ತೀಯಲ್ಲ, ಅವರಿಗೇ ಸೊನ್ನೆ ಬರಾಕ್ಹತ್ತೈತಿ. ಸಾಹೇಬ್ರನ್ನ ಕರಿ."

ಮಾಪನಾಧಿಕಾರಿ ಪ್ರಹ್ಲಾದ ಕಟ್ಟಿಯವರು ನಿಯಂತ್ರಣ ಕೊಠಡಿಯಿಂದ ಕನ್ನಡಕ ಏರಿಸಿಕೊಳ್ಳುತ್ತ ಬಂದರು. ಧಾರವಾಡದ ಕಡೆಯವರು, ಯಂತ್ರದ ಮೇಲೆ ಮಗಳ ಮೇಲಿನಷ್ಟು ಪ್ರೀತಿ. ಅವರ ಹಿಂದೆಯೇ ಬಿಗಿಮದ್ದಿನ ಡಾಕ್ಟರ್ ನಸ್ರೀನ್ ಮುಲ್ಲಾ ಬಂದು ಗೋಡೆಗೆ ಒರಗಿ ನಿಂತರು. ಫಕ್ಕೀರವ್ವ ತನ್ನ ಕಾಂಟಾದ ಕಥೆಯನ್ನೆಲ್ಲ ಹೇಳಿದಳು.

ಕಟ್ಟಿಯವರು ನಕ್ಕರು. "ಮನುಷ್ಯಾರು ಮೆಣಸಿನಕಾಯಿ ಅಲ್ಲ ಫಕ್ಕೀರವ್ವಾ."

"ಗೊತ್ತೈತ್ರಿ. ಮೆಣಸಿನಕಾಯಿ ತೂಗಾಗ ನಾವು ಹುಷಾರಿರ್ತೀವಿ. ಒಂದ್ ಮಾತು ಹೇಳ್ರಿ, ನಿಮ್ಮ ಯಂತ್ರ ಮೈನಸ್ ತೋರಿಸ್ತೈತೇನು?"

"ಮೈನಸ್? ನೋವು ಮೈನಸ್ ಹೆಂಗ ಆಗ್ತದ? ಶುರುವಿಗೆ ಬರ್ತಿತ್ತು, ಅರ್ಥ ಇಲ್ಲದ ಅಂಕಿ ಅಂತ ತಗದು ಹಾಕಿದಿವಿ. ಸೊನ್ನೆಗಿಂತ ಕೆಳಗ ಏನ ಬಂದ್ರೂ ಸೊನ್ನೇನ ತೋರಿಸ್ತದ."

"ಅಲ್ಲೇ ಸಿಕ್ಕಿದ್ರಿ ನೋಡ್ರಿ!" ಫಕ್ಕೀರವ್ವ ಅಂಗೈ ಬಡಿದಳು. "ಮೈನಸ್ ಬಂತಂದ್ರ ಸೊನ್ನೆ ಹಾಕಾಗ ಮ್ಯಾಲ ಏನೋ ಇತ್ತು ಅಂತ ಅರ್ಥ. ನಾವಾದ್ರ ಅದನ್ನ ಇಳಿಸಿ ಮತ್ತ ತೂಗ್ತೀವಿ. ನೀವು ಅಂಕೀನ ಮುಚ್ಚಿ ಹಾಕೀರಿ."

ಡಾಕ್ಟರ್ ನಸ್ರೀನ್ ಗೋಡೆ ಬಿಟ್ಟು ಮುಂದೆ ಬಂದರು. "ಸರ್, ಈಕಿ ಹೇಳೂದ್ರಾಗ ತಪ್ಪೇನೈತಿ? ತೀರಾ ನೋವಿನಾಗ ಬಂದೋರಿಗೆ ನೋವ ಬೇಸ್‌ಲೈನ್ ಆಗೇತಿ. ಒಂದ್ ಕೆಲಸ ಮಾಡೂಣು. ಕೀಲಿನ ಸುತ್ತ ಮೊದಲ ಮರಗಟ್ಟೋ ಸೂಜಿ ಹಾಕ್ತೀನಿ. ನೋವು ಪೂರ್ತಿ ಹೋಗ್ತೈತಿ. ಆವಾಗ ಸೊನ್ನೆ ಹಾಕ್ರಿ. ಒಂದೂವರೆ ತಾಸಿನಾಗ ಔಷಧ ಇಳೀತೈತಿ. ಆಮ್ಯಾಲ ಏನ್ ಏರತೈತೋ ನೋಡೂಣು."

"ಅಳತೀಗೆ ಮೊದಲು ಔಷಧ ಕೊಡಂಗಿಲ್ಲ ಡಾಕ್ಟರ. ನಿಯಮ ಅದ."

"ತಪಾಸಣೆಗೆ ಬೇಕಾದ್ರ ಕೊಡೋ ಅಧಿಕಾರ ನನಗೈತ್ರಿ. ಅದೂ ನಿಯಮದಾಗ ಐತಿ."

ಕಟ್ಟಿಯವರ ಮುಖ ಬಿಗಿಯಿತು. "ಆತು. ಆದ್ರ ಇದ ಮೂರನೇ ಅಳತಿ ಅಂತ ಬರೀತೀನಿ. ನಲವತ್ತು ದಾಟಲಿಲ್ಲಂದ್ರ ಕಡತ ಮುಚ್ಚೇಬಿಡ್ತದ. ಆಮೇಲೆ ಯಂತ್ರಾನ ಬೈಬ್ಯಾಡ್ರಿ. ಎಷ್ಟು ಪ್ರಾಮಾಣಿಕ ಅದ ಗೊತ್ತೇನು ಇದು? ಅಂಕಿ ಎಂಬತ್ತು ದಾಟಿದ ರೋಗೀನ ಚಿಕಿತ್ಸೆ ಇಲ್ಲದ ಅರ್ಧ ತಾಸು ಸುಮ್ಮ ಕೂಡಿಸಿದ್ರ, ನನ್ನ ಮ್ಯಾಲೇನ ರಾಜಧಾನಿಗೆ ದೂರು ಹೇಳ್ತದ. ನನ್ನ ಕೈಯಾಗ ತಡಿಯಾಕೂ ಬರಂಗಿಲ್ಲ."

"ಬರಕೋರಿ" ಎಂದಳು ಫಕ್ಕೀರವ್ವ.

ಸೂಜಿ ಇಳಿದ ಹತ್ತು ನಿಮಿಷಕ್ಕೆ ಅವಳ ಸೊಂಟದಿಂದ ಏನೋ ಎದ್ದು ಹೊರಟುಹೋಯಿತು. ಐದು ನಿಮಿಷ ಮಲಗಿದಳು, ಸೊನ್ನೆ ಬಿತ್ತು. "ಇನ್ನ ಒಂದ್ ತಾಸು ಓಡ್ಯಾಡ್ರಿ" ಎಂದರು ಡಾಕ್ಟರ್.

ಫಕ್ಕೀರವ್ವ ಎದ್ದು ನಿಂತಳು. ಸುಮ್ಮನೆ ನಿಂತಳು, ಅಷ್ಟೇ. ಕಾಲು ನೆಲಕ್ಕೆ ಊರಿತು, ಮೈಭಾರ ಕಾಲಿಗೆ ಇಳಿಯಿತು, ಎಲ್ಲೂ ಏನೂ ಸರಿಯಲಿಲ್ಲ. ಕೇಂದ್ರದ ಹಿಂದಿನ ಅಂಗಳಕ್ಕೆ ಹೋದಳು. ಬೇವಿನ ಮರವನ್ನು ಒಂದು ಸುತ್ತು ಹಾಕಿದಳು, ಮತ್ತೊಂದು ಸುತ್ತು ಹಾಕಿದಳು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಕುಕ್ಕರಗಾಲಲ್ಲಿ ಕೂತು ಎದ್ದಳು. ಮತ್ತೆ ಕೂತಳು. ನೆಲದ ಮೇಲಿದ್ದ ಬೇವಿನ ಹಣ್ಣೊಂದನ್ನು ಬಗ್ಗಿ ಎತ್ತಿಕೊಂಡಳು, ಎಸೆದಳು, ಮತ್ತೆ ಬಗ್ಗಿ ಎತ್ತಿಕೊಂಡಳು.

ನೋಡಲು ಬಂದ ಸುಮಂಗಲಾಗೆ ಅವಳು ಕಣ್ಣೊರೆಸಿಕೊಳ್ಳುತ್ತಿರುವುದು ಕಂಡಿತು. "ಯಾಕ್ರಿ ಅಕ್ಕಾರ, ಹಗರಾತಿಲ್ಲೋ?"

"ಭಾಳ ಹಗರಾತು. ಅದಕ ಸಿಟ್ಟು ಬಂದೈತಿ." ಫಕ್ಕೀರವ್ವ ಬೇವಿನ ಹಣ್ಣನ್ನು ಮುಷ್ಟಿಯಲ್ಲಿ ಹಿಸುಕಿದಳು. "ನೀವೆಲ್ಲಾ ದಿನಾ ಹಿಂಗ ಇರ್ತೀರಲ್ಲ! ಬೆಳಿಗ್ಗೆ ಎದ್ದು ಸುಮ್ನ ನಡದುಬಿಡ್ತೀರಿ! ನಾ ಹೊತ್ತಲ್ಲದ ಹೊತ್ತಿನ್ಯಾಗ ಮಲಗಿದ್ರ ಆಲಸಿ ಅಂದ್ರಿ, ನಾಟಕ ಅಂದ್ರಿ. ಇಷ್ಟ ಹಗರ ಮೈ ಇಟಗೊಂಡು ನನ್ನಂಥಾಕಿನ್ನ ಅಂದ್ರಲ್ಲ, ನಾಚಿಗಿ ಬರಲಿಲ್ಲೇನು?"

ಸುಮಂಗಲಾಳಿಗೂ ಅಳು ಬಂದಿತ್ತು.

ಒಂದು ತಾಸು ಕಳೆಯಿತು. ಫಕ್ಕೀರವ್ವನನ್ನು ನಿಯಂತ್ರಣ ಕೊಠಡಿಯ ಮಂಚದ ಮೇಲೆ ಕೂರಿಸಿ ಟೋಪಿ ತೊಡಿಸಿದರು. ಪರದೆಯ ಮೇಲೆ ಮೂರು ಎಂದಿತ್ತು. ಎಲ್ಲರೂ ಅದನ್ನೇ ನೋಡುತ್ತಿದ್ದರು. ಫಕ್ಕೀರವ್ವ ಮಾತ್ರ ನೋಡಲಿಲ್ಲ. ಹೋದದ್ದು ಮರಳಿ ಬರುತ್ತಿರುವುದು ಅವಳಿಗೆ ಪರದೆಗಿಂತ ಮೊದಲೇ ಗೊತ್ತಾಗುತ್ತಿತ್ತು. ಮೊದಲು ಎಡ ಸೊಂಟದಲ್ಲಿ ಒಂದು ಚಿಟುಕು. ಒಂಬತ್ತು. ಆಮೇಲೆ ತೊಡೆಯ ಹಿಂಭಾಗಕ್ಕೆ ಇಳಿಯಿತು. ಇಪ್ಪತ್ತಾರು. ಬಾ ಬಾ ಎಂದು ಅವಳು ಹಲ್ಲು ಕಚ್ಚಿ ನೋವನ್ನೇ ಕರೆದಳು. ಬರಬೇಡ ಎಂದು ಮೈಯೆಲ್ಲ ಕೂಗುತ್ತಿತ್ತು, ಆದರೂ ಕರೆದಳು. ನಲವತ್ತಮೂರು. ಕಟ್ಟಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಡಾಕ್ಟರ್ ನಸ್ರೀನ್ ಎದ್ದು ನಿಲ್ಲಲು ಹೇಳಿದರು. ನಿಂತಳು. ಅರವತ್ತೆಂಟು. ಎರಡು ಹೆಜ್ಜೆ ನಡೆದಳು. ಎಪ್ಪತ್ತೊಂಬತ್ತು. ತಿರುಗಿದಳು. ಎಂಬತ್ತಮೂರು.

ಹೆರಿಗೆ ನೋವು ಆ ಯಂತ್ರದಲ್ಲಿ ಎಪ್ಪತ್ತರ ಆಸುಪಾಸು ಬರುತ್ತಿತ್ತು.

"ಇದನ್ನ ಇಟಗೊಂಡು ದಿನಾ ಮಾರ್ಕೆಟ್ಟಿಗೆ ಹೋಗ್ತೀರೇನು?" ಎಂದರು ಕಟ್ಟಿಯವರು.

"ಮತ್ತ ಯಾರ್ ಹೋಗ್ತಾರ್ರಿ?"

ಡಾಕ್ಟರ್ ನಸ್ರೀನ್ ಬಿಗಿಮದ್ದಿನ ಟ್ರೇ ತಂದಿಟ್ಟರು. ಹನ್ನೆರಡು ಸಿರಿಂಜುಗಳು, ಹನ್ನೆರಡು ಜಾಗಕ್ಕೆ. ಫಕ್ಕೀರವ್ವ ಅಲ್ಲಿಂದ ಕಣ್ಣು ಕೀಳಲಿಲ್ಲ. ಅಷ್ಟರಲ್ಲಿ ಕಟ್ಟಿಯವರು ಒಂದು ಹಾಳೆ ಮುಂದಿಟ್ಟರು. "ಇಲ್ಲೊಂದು ಸಹಿ ಮಾಡ್ರಿ. ಈಗಿಂದೀಗ ಶುರು ಮಾಡಿಸ್ತೀನಿ."

ಫಕ್ಕೀರವ್ವ ಅಕ್ಷರ ಅಕ್ಷರವಾಗಿ ಓದಿದಳು. ‘ಮಾಪನ ವಿಧಾನದಲ್ಲಿ ಯಾವ ದೋಷವೂ ಇಲ್ಲವೆಂದೂ ನನ್ನದು ವಿಶೇಷ ಪ್ರಕರಣವೆಂದೂ ಒಪ್ಪಿರುತ್ತೇನೆ.’

"ಕಡತ ಮುಚ್ಚಿದ್ದು ಎಷ್ಟು ಮಂದೀದ್ರಿ ಇಲ್ಲಿ?" ಎಂದು ಕೇಳಿದಳು.

ಕಟ್ಟಿಯವರು ಪೆನ್ನನ್ನು ಅವಳ ಮುಂದೆ ಸರಿಸಿದರು. ಸುಮಂಗಲಾ ತಲೆ ತಗ್ಗಿಸಿಕೊಂಡೇ ಹೇಳಿದಳು: "ಸಾವಿರದ ನೂರಾ ಅರವತ್ತು."

"ಅವರನ್ನ ಮತ್ತ ಕರಸ್ತೀರೇನು?"

"ಅದು ನನ್ನ ಕೈಯಾಗಿಲ್ಲ. ಮ್ಯಾಲಿನವರು ಹೇಳಬೇಕು. ನೀವು ನಿಮ್ಮದು ನೋಡಕೋರಿ" ಎಂದರು ಕಟ್ಟಿಯವರು.

ಡಾಕ್ಟರ್ ನಸ್ರೀನ್ ಅವಳ ಕಿವಿಯ ಹತ್ತಿರ ಬಗ್ಗಿದರು. "ಅಕ್ಕಾ, ಮೊದಲ ಮದ್ದು ತಗೋ. ಜಗಳಾ ಆಮ್ಯಾಲ ಮಾಡೂಣು. ನಾನೂ ಬರ್ತೀನಿ."

ಫಕ್ಕೀರವ್ವನಿಗೆ ಬೇಕೆನಿಸಿತು. ಎಷ್ಟು ಬೇಕೆನಿಸಿತೆಂದರೆ ಕೈ ತಾನಾಗಿ ಪೆನ್ನಿನ ಹತ್ತಿರ ಹೋಯಿತು. ಬೇವಿನ ಮರದ ಸುತ್ತು ಇನ್ನೂ ಕಾಲಲ್ಲಿತ್ತು. ಆದರೆ ಆ ಹಾಳೆಯಲ್ಲಿ ಬರೆದದ್ದು ಸುಳ್ಳಾಗಿತ್ತು. ಸುಳ್ಳು ತೂಕಕ್ಕೆ ಅವಳು ಹದಿನಾರು ವರ್ಷದಲ್ಲಿ ಒಮ್ಮೆಯೂ ಸಹಿ ಹಾಕಿರಲಿಲ್ಲ.

"ಸಹಿ ಮಾಡಿದ ಮ್ಯಾಲ ಯಾವ ಬಾಯಿಲೆ ಜಗಳಾ ಮಾಡ್ಲಿ ಡಾಕ್ಟರ?" ಎಂದು ಅವಳು ಹಾಳೆಯನ್ನು ತಿರುಗಿಸಿ ಕಟ್ಟಿಯವರ ಕಡೆ ಸರಿಸಿದಳು. ಟೋಪಿ ತಲೆಯ ಮೇಲಿರುವಂತೆಯೇ ಬಾಗಿಲು ತೆರೆದು ಪಡಸಾಲೆಗೆ ನಡೆದಳು.

"ಟೋಪಿ ಇಳಿಸ್ರಿ! ಸರಕಾರದ ಆಸ್ತಿ ಅದು!" ಎಂದು ಕಟ್ಟಿಯವರು ಹಿಂದೆ ಓಡಿಬಂದರು.

"ಇಳಸಂಗಿಲ್ಲ."

ಪಡಸಾಲೆಯ ನಟ್ಟನಡುವೆ ಅವಳು ನಿಂತಳು. ಬೋರ್ಡಿನ ಮೇಲೆ ಎಂಬತ್ತೈದು. ಕಾಯುತ್ತಿದ್ದವರೆಲ್ಲ ಬೋರ್ಡನ್ನೂ ಅವಳನ್ನೂ ನೋಡಿದರು.

"ನೋಡ್ರಬೇ, ನಾನು ಎರಡು ಸಲ ಸೊನ್ನೆ ಬಂದಾಕಿ. ಇದ ಟೋಪಿ, ಇದ ತಲಿ, ಇದ ಸೊಂಟ. ಮೊದಲ ನೋವು ಇಳಿಸಿ ಸೊನ್ನೆ ಹಾಕಿದ್ದಕ್ಕ ಈಗ ಎಂಬತ್ತೈದು. ನೋವಿನ್ಯಾಗ ಇದ್ದಾಗ ಯಾರೂ ಮಲಗಬ್ಯಾಡ್ರಿ. ಮಲಗಿದ್ರ ಅದ ನಿಮ್ಮ ಸೊನ್ನೆ ಆಗ್ತೈತಿ."

ಗಲಾಟೆ ಎದ್ದಿತು. ಸರದಿಯ ಮೊದಲಿದ್ದ ಮುದುಕಿಯೊಬ್ಬಳು ಮಂಚದ ಸರದಿಗೆ ಕೊಟ್ಟಿದ್ದ ಚೀಟಿಯನ್ನು ಕಿಟಕಿಗೇ ತಿರುಗಿ ಕೊಟ್ಟಳು. ಅವಳ ಹಿಂದಿದ್ದವರೂ ಒಬ್ಬೊಬ್ಬರಾಗಿ ಕೊಡತೊಡಗಿದರು. ಕಟ್ಟಿಯವರು ಎಲ್ಲರನ್ನೂ ಬೇಡಿಕೊಳ್ಳುತ್ತ ಗಡಿಯಾರ ನೋಡುತ್ತಿದ್ದರು. ಅವರು ಯಾಕೆ ನೋಡುತ್ತಿದ್ದಾರೆಂದು ಫಕ್ಕೀರವ್ವನಿಗೆ ಗೊತ್ತಿತ್ತು. ಅರ್ಧ ತಾಸು ನಿಂತರೆ ಸಾಕು, ಯಂತ್ರವೇ ರಾಜಧಾನಿಗೆ ದೂರು ಹೇಳುತ್ತದೆ.

ನಿಲ್ಲುವುದೇ ಕಷ್ಟ. ಔಷಧ ಪೂರ್ತಿ ಇಳಿದಿತ್ತು. ಒಂದು ತಾಸು ನೋವಿಲ್ಲದೆ ಇದ್ದು ಬಂದ ಮೈಗೆ ಅದೇ ಹಳೆಯ ನೋವು ಎರಡು ಪಟ್ಟಾಗಿ ಕಾಣುತ್ತಿತ್ತು. ಎಂಬತ್ತಾರು. ಎಂಬತ್ತೆಂಟು. ಬೆಂಚಿನ ಮೇಲಿದ್ದ ಮೌನೇಶ ಎದ್ದು ಹತ್ತಿರ ಬಂದ. ಅವನ ಮುಖದಲ್ಲಿ ರಕ್ತವಿರಲಿಲ್ಲ.

"ಕೂಡ್ರಬೇ. ಸಾಕು. ನಾ ನಂಬಿದೆ."

"ಬೋರ್ಡ್ ನೋಡಿ ನಂಬಿದಿ" ಎಂದಳು ಫಕ್ಕೀರವ್ವ.

ಅವನು ಅವಳ ಪಕ್ಕದಲ್ಲಿ ನಿಂತು ತೋಳು ಕೊಟ್ಟ. ಅವಳು ಮೊದಲು ಬೇಡವೆಂದಳು, ಆಮೇಲೆ ಹಿಡಿದುಕೊಂಡಳು. ಹಿಡಿದ ಕಡೆ ಉಗುರು ಇಳಿಯಿತು; ಅವನು ತೋಳು ಹಿಂದೆಗೆಯಲಿಲ್ಲ.

ಅರ್ಧ ತಾಸಿಗೆ ಸರಿಯಾಗಿ ನಿಯಂತ್ರಣ ಕೊಠಡಿಯಲ್ಲಿ ಗಂಟೆ ಮೊಳಗತೊಡಗಿತು. ಬೋರ್ಡಿನ ಪಕ್ಕದ ಧ್ವನಿವರ್ಧಕದಿಂದ ರಾಜಧಾನಿಯ ಹೆಣ್ಣುಮಗಳೊಬ್ಬಳ ಧ್ವನಿ ಬಂತು. "ರಾಜ್ಯ ನಿಯಂತ್ರಣ ಕೊಠಡಿಯಿಂದ ಮಾತಾಡ್ತಿದೀವಿ. ನಿಮ್ಮಲ್ಲಿ ಎಂಬತ್ತೊಂಬತ್ತು ಅಂಕಿ ಬಂದ ರೋಗಿ ಚಿಕಿತ್ಸೆಯಿಲ್ಲದೆ ಇದ್ದಾರೆ. ಇದೇ ಹೆಸರಿಗೆ ಎರಡು ಸೊನ್ನೆ ಇದೆ. ಏನಿದು ಕಟ್ಟಿಯವರೇ?"

ಕಟ್ಟಿಯವರು ಧ್ವನಿವರ್ಧಕದ ಮುಂದೆ ನಿಂತರು. ವಿಶೇಷ ಪ್ರಕರಣ ಎನ್ನಲು ಬಾಯಿ ತೆರೆದರು. ಎದುರಿಗೆ ಆ ಹೆಂಗಸು ನಿಂತಿದ್ದಳು, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಕಟ್ಟಿಯವರು ಕೆಟ್ಟ ಮನುಷ್ಯರಲ್ಲ. ಅಳತೆ ಎಂದರೆ ಅವರಿಗೆ ದೇವರು, ಅಳತೆಯೇ ತಪ್ಪಾಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರು.

"ನಾವು ಸೊನ್ನೆ ಹಾಕೂದು ತಪ್ಪಾಗೇದ್ರಿ" ಎಂದರು ಸಣ್ಣ ಧ್ವನಿಯಲ್ಲಿ. "ಇಲ್ಲಿ ಸಾವಿರದ ನೂರಾ ಅರವತ್ತು ಮಂದಿ ಕಡತ ಮುಚ್ಚೀವಿ. ಎಲ್ಲಾನೂ ಮತ್ತ ಅಳೀಬೇಕು. ಮೊದಲ ನೋವು ಇಳಿಸಿ ಅಳೀಬೇಕು."

ಆ ಕಡೆ ಯಾರೋ ಯಾರನ್ನೋ ಕರೆದರು, ಕಾಗದ ಸರಿದಾಡಿತು. ಕೊನೆಗೆ ಒಬ್ಬ ಹಿರಿಯನ ಧ್ವನಿ ಬಂತು. "ಮುಚ್ಚಿದ ಕಡತಗಳನ್ನೆಲ್ಲ ತಡೆಹಿಡಿಯಿರಿ. ಇವತ್ತೇ ಬರೆದು ಕಳಿಸಿ. ಉಳಿದ ಜಿಲ್ಲೆಗಳಿಗೂ ಹೇಳ್ತೇವೆ."

"ಬರೆದದ್ದನ್ನ ನಮಗ ಓದಿ ಹೇಳ್ರಿ, ಆಮ್ಯಾಲ ಕಳಸ್ರಿ" ಎಂದಳು ಫಕ್ಕೀರವ್ವ.

ಕಟ್ಟಿಯವರು ಬೆಂಚಿನ ತುದಿಯಲ್ಲಿ ಕೂತು ಬರೆದರು, ಓದಿದರು. ಎರಡು ಕಡೆ ಹೆಂಗಸರು ತಿದ್ದಿಸಿದರು. ಕಳಿಸಿದ್ದು ಖಾತ್ರಿಯಾದ ಮೇಲೆಯೇ ಫಕ್ಕೀರವ್ವ ಟೋಪಿ ಇಳಿಸಿ ಸುಮಂಗಲಾಳ ಕೈಗೆ ಕೊಟ್ಟಳು. ಬೋರ್ಡು ಖಾಲಿಯಾಯಿತು.

ಡಾಕ್ಟರ್ ನಸ್ರೀನ್ ಅವಳನ್ನು ಬೋರಲಾಗಿ ಮಲಗಿಸಿದರು. ಬಿಗಿಮದ್ದಿನ ಸೂಜಿ ಮೂಳೆಯವರೆಗೂ ಇಳಿಯಬೇಕು, ಹುರಿ ಅಂಟಿರುವ ಅಂಚಿಗೇ ತಾಗಬೇಕು. ಮರಗಟ್ಟುವ ಔಷಧ ಹಾಕಿದರೆ ತಾಗಿದ್ದು ತಿಳಿಯುವುದಿಲ್ಲ.

"ಭಾಳ ಉರೀತೈತಿ ಅಕ್ಕಾ. ಸ್ವಲ್ಪ ತಡಕೋ."

"ತಡಕೊಳ್ಳಂಗಿಲ್ಲ. ಒಂಬತ್ತು ವರ್ಷ ತಡಕೊಂಡೇನಿ."

ಮೊದಲ ಸೂಜಿ ಇಳಿಯಿತು. ಫಕ್ಕೀರವ್ವ ಚೀರಿದ ರಭಸಕ್ಕೆ ಪಡಸಾಲೆಯಲ್ಲಿ ಮಾತು ನಿಂತಿತು. ಮೌನೇಶ ಬಾಗಿಲು ತಳ್ಳಿಕೊಂಡು ಒಳಗೆ ಬಂದ, ಅವನ ಹಿಂದೆ ನಾಲ್ಕೈದು ಹೆಂಗಸರೂ ಬಂದರು.

"ಏನಾತು? ಏನಾತ್ರಿ?"

"ಏನೂ ಆಗಿಲ್ಲ, ಹೊರಗ ಇರ್ರಿ" ಎಂದರು ಡಾಕ್ಟರ್.

"ಆಗೇತಿ! ನೋವಾಗೇತಿ!" ಎಂದು ಫಕ್ಕೀರವ್ವ ದಿಂಬಿನಿಂದ ಮುಖವೆತ್ತಿ ಕೂಗಿದಳು. ಕಣ್ಣಲ್ಲಿ ನೀರು ಧಾರಾಕಾರ ಸುರಿಯುತ್ತಿತ್ತು, ಮುಖದಲ್ಲಿ ಮಾತ್ರ ಗೆದ್ದ ಸೊಕ್ಕು. "ಅವರು ಅಲ್ಲೇ ನಿಂದರ್ಲಿ, ಕೇಳಲಿ. ನಾ ಒದರ್ತೀನಿ, ನೀವು ಚುಚ್ರಿ. ಇನ್ನ ಹನ್ನೊಂದದಾವ."